ಆಲಮಟ್ಟಿ ಹಿನ್ನೀರಿಗೆ ನಿಂತು ಓಡಿಸೂ ಜೆಟ್ ಸ್ಕೀ: ಯಾವ ಪಾರ್ಟ್ ಮೊದಲು, ಯಾವುದು ಕಡೀಗೆ?

ಹಿನ್ನೀರ_ಹಾದಿ (ಬಾಗಲಕೋಟೆ)

ಎಲ್ಲಾರಿಗೂ ನಮಸ್ಕಾರ. ಯಮಹಾ ಸೂಪರ್‌ಜೆಟ್, 2012ರ ಮಾಡೆಲ್, 701 ಸಿಸಿ ಎರಡು ಸ್ಟ್ರೋಕ್. ಇಂಜಿನ್, ಪಂಪ್ (ನೀರು ಎಳದು ಹಿಂದಕ್ಕ ಚಿಮ್ಮಿ ಗಾಡಿ ದೂಡೂದು), ಕಾರ್ಬುರೇಟರ್ ಎಲ್ಲಾ ಕಂಪನಿಯಿಂದ ಬಂದಂಗ ಐತಿ. ಓಡಿಸವರ ತೂಕ 90 ಕೆಜಿ. ನಿಗಮದ್ದು, ಜಿಲ್ಲಾಡಳಿತದ್ದು ಪರವಾನಗಿ ಕೆಲಸ ಬ್ಯಾರೆ ನಡದೈತಿ, ಆ ವಿಷಯ ಇಲ್ಲಿ ಬ್ಯಾಡ.

ತೊಂದರಿ ಎರಡು. ನಿಂತಲ್ಲಿಂದ ಒಮ್ಮೆಲೆ ಥ್ರಾಟಲ್ ಒತ್ತಿದ್ರ ಇಂಜಿನ್ ಚೀರ್ತೈತಿ, ಗಾಡಿ ಮಾತ್ರ ತಡದು ಹೊಂಡ್ತೈತಿ. ಪೂರ್ತಿ ವೇಗದಾಗ ಮೂತಿ ಮ್ಯಾಲೆ-ಕೆಳಗ ಕುಣೀತೈತಿ.

ತರಸಬೇಕಂತ ಮಾಡಿದ್ದು: ಫ್ಯಾಕ್ಟರಿ ಪೈಪ್ ಕಂಪನಿಯ ಬಿ-ಪೈಪ್ (ಎಕ್ಸಾಸ್ಟ್), ಬಿಲೆಟ್ ಹೆಡ್ (ಸಿಲಿಂಡರಿನ ಮುಚ್ಚಳ), 44 ಎಂಎಂ ಜೋಡಿ ಕಾರ್ಬುರೇಟರ್, ಇಂಪೆಲ್ಲರ್ (ಪಂಪಿನ ರೆಕ್ಕಿ ಚಕ್ರ), ಇನ್‌ಟೇಕ್ ಗ್ರೇಟ್ (ಪಂಪಿಗೆ ನೀರು ಹೋಗೂ ಬಾಯಿಯ ಜಾಳಿಗಿ), ರೈಡ್ ಪ್ಲೇಟ್ (ಹಿಂದ ತಳದಾಗಿನ ತಟ್ಟಿ). ಎಲ್ಲಾ ಒಮ್ಮೆಲೆ ತರಸೂವಷ್ಟು ರೊಕ್ಕ ಇಲ್ರಿ. ಯಾವುದರಿಂದ ಶುರು ಮಾಡ್ಬೇಕು?

ಎರಡುಸ್ಟ್ರೋಕ್_ಗುಮ್ಮಟ (ವಿಜಯಪುರ)

ಪೈಪ್ ಮೊದಲು ತರಸ್ರಿ. 81 ಎಂಎಂ ಬೋರ್, 68 ಎಂಎಂ ಸ್ಟ್ರೋಕ್, ಕಂಪನಿ ಲೆಕ್ಕದಾಗ 6250 ಆರ್‌ಪಿಎಂಗೆ 73 ಪಿಎಸ್. ಸಿಲಿಂಡರ್ ಚಲೋನೇ ಅದ, ಅದರ ಉಸಿರು ಕಟ್ಟಿರೂದು ಎಕ್ಸಾಸ್ಟ್‌ನಾಗ. ಎರಡು ಸ್ಟ್ರೋಕ್ ಇಂಜಿನ್ನಿಗೆ ಪೈಪ್ ಬರೇ ಹೊಗಿ ಹೋಗೂ ದಾರಿ ಅಲ್ಲ. ಪೈಪಿನ ತುದೀಗೆ ಬಡದು ವಾಪಸ್ ಬರೂ ಒತ್ತಡದ ಅಲಿ, ಎಕ್ಸಾಸ್ಟ್ ಪೋರ್ಟ್ ಮುಚ್ಚೂದಕ್ಕ ಸ್ವಲ್ಪ ಮೊದಲ ಅಲ್ಲಿ ಮುಟ್ಟಬೇಕು. ಆಗ ಹೊರಗ ಹೊಂಟ ಹಸಿ ಪೆಟ್ರೋಲು-ಗಾಳಿ ತಿರುಗಿ ಸಿಲಿಂಡರ್ ಒಳಗ ಸೇರ್ತದ. ಈ ಹೊತ್ತು ಹೊಂದಿಸಿ ಮಾಡಿದ ಪೈಪ್ ಹಾಕಿದ್ರ ಮಧ್ಯದ ಆರ್‌ಪಿಎಂನಿಂದ ಮ್ಯಾಲೆ ಬರೂ ಬಲ, ಬ್ಯಾರೆ ಯಾವ ಒಂದು ಪಾರ್ಟಿನಿಂದಾನೂ ಬರೂದಿಲ್ಲ. 44ರ ಕಾರ್ಬುರೇಟರ್ ಈಗ ತಲ್ಯಾಗಿಂದ ತಗೀರಿ. ಈಗಿರೂ ಜೋಡಿ 38 ಎಂಎಂ ಮಿಕುನಿ ಪೈಪ್ ಹಾಕಿದ ಮ್ಯಾಲೂ ಸಾಕಾಗ್ತಾವ, ಅದರ ಜೆಟ್ (ಪೆಟ್ರೋಲ್ ಹಾಯೂ ಸಣ್ಣ ತೂತಿನ ಪಾರ್ಟ್) ಬದಲಿಸಿದ್ರ ಆತು.

ನೀರಿನ_ಪಂಪು (ಜಮಖಂಡಿ)

ಗುಮ್ಮಟ ಅಣ್ಣಾರು ಹೇಳಿದ್ದು ಬಲದ ಮಾತು, ಖರೇ ಐತಿ. ಆದ್ರ ಕೇಳಿದವರ ತೊಂದರಿ ಬಲ ಕಡಿಮಿ ಅನ್ನೂದಲ್ಲ. ಇಂಜಿನ್ ಚೀರ್ತೈತಿ, ಗಾಡಿ ಹೋಗೂದಿಲ್ಲ ಅಂದ್ರ ಪಂಪಿಗೆ ಗಾಳಿ ಹಿಡದೈತಿ. ಹೊಳಿ ದಂಡಿ ಮ್ಯಾಲೆ ಮೋಟರ್ ಇಟ್ಟವರಿಗೆ ಇದು ಗೊತ್ತಿದ್ದದ್ದ: ಸಕ್ಷನ್ ಪೈಪಿನ ಜಾಯಿಂಟಿನ್ಯಾಗ ಸೂಜಿಯಷ್ಟು ಸಂದಿ ಇದ್ರೂ 10 ಎಚ್‌ಪಿ ಮೋಟರ್ ಬರೇ ಗಾಳಿ ತಿರಗಸ್ತೈತಿ. ಅಂಥಾದ್ದಕ್ಕ ಇನ್ನೂ ಹತ್ತು ಕುದರಿ ಬಲ ಕೂಡಿಸಿದ್ರ ಇನ್ನೂ ಜೋರ ಚೀರ್ತೈತಿ, ಅಷ್ಟ.

ರೊಕ್ಕ ಬಿಚ್ಚೂ ಮೊದಲ ಇಷ್ಟು ನೋಡ್ರಿ.

ಬ್ಯಾಟರಿ ವೈರ್ ಬಿಚ್ಚಿ, ಗಾಡಿ ಮಗ್ಗಲಿಗೆ ಹೊರಳಿಸಿ (ಯಾವ ಮಗ್ಗಲಿಗೆ ಅಂತ ಹಿಂದ ಸ್ಟಿಕ್ಕರ್ ಇರ್ತೈತಿ, ಆ ಕಡೇನ ಹೊರಳಸ್ರಿ) ರೈಡ್ ಪ್ಲೇಟ್, ಗ್ರೇಟ್ ಎರಡೂ ತಗೀರಿ. ಇಂಪೆಲ್ಲರಿನ ಒಂದೊಂದು ರೆಕ್ಕಿ ತುದಿಗೂ ಸುತ್ತಲಿನ ಗೋಡಿಗೂ ನಡುವ ಫೀಲರ್ ಗೇಜ್ ಹಾಕಿ ಅಳೀರಿ. ಒಂದ ಜಾಗದಾಗ ಅಳದು ಬಿಡಬ್ಯಾಡ್ರಿ, ನಾಲ್ಕೂ ದಿಕ್ಕಿಗೆ ತಿರುಗಿಸಿ ಅಳೀರಿ. 0.35 ರಿಂದ 0.45 ಎಂಎಂ ಇದ್ರ ಹೊಸಾದರಂಗ. 0.6 ದಾಟಿದ್ರ ಒತ್ತಡ ತುದಿಯಿಂದ ಹಿಂದಕ್ಕ ಸೋರ್ತೈತಿ, ಅಂಥಾ ಪಂಪಿಗೆ ಯಾವ ಇಂಪೆಲ್ಲರ್ ಹಾಕಿದ್ರೂ ಹಿಡಿತ ಬರೂದಿಲ್ಲ.

ಆಮ್ಯಾಲೆ ಟಾರ್ಚ್ ಹಿಡದು, ಹಲ್‌ನ (ಗಾಡಿಯ ಫೈಬರ್ ಮೈಯ) ನೀರಿನ ಸುರಂಗಕ್ಕೂ ಪಂಪಿಗೂ ಕೂಡೂ ಜಾಗ ನೋಡ್ರಿ. ಅಲ್ಲಿ ಹಳೇ ಸೀಲಂಟ್ ಚಕ್ಕಿ ಎದ್ದಿರ್ತೈತಿ, ಬೆರಳಾಡಿಸಿದ್ರ ಸಂದಿ ಸಿಗ್ತೈತಿ. ಹಳೇದು ಪೂರ್ತಿ ಕೆರದು, ಅಸಿಟೋನ್ ಹಚ್ಚಿ ಒರಸಿ, ಮರೈನ್ ಸಿಲಿಕಾನ್ ತುಂಬಿ 24 ತಾಸು ಒಣಗಿಸ್ರಿ. ಎಂದೂ ಬಿಡದಂಗ ಅಂಟೂ ಸೀಲಂಟ್ ಇಲ್ಲಿ ಹಾಕಬಾರದು, ಮುಂದ ಪಂಪ್ ಬಿಚ್ಚೂವಾಗ ಹಲ್ ಕಿತ್ತು ಬರ್ತೈತಿ. ಈ ಪಟ್ಟೀ ಒಳಗ ಭಾಳ ಅಗ್ಗದ ಕೆಲಸ ಇದು. ಹಿಡಿತ ಬರೂದು ಎಲ್ಲಕ್ಕಿಂತ ಹೆಚ್ಚು ಇದರಿಂದನ.

ಹಿನ್ನೀರ_ಹಾದಿ

ಅಳದೆ ಸರ. ತುದಿ ಸಂದಿ 0.65 ರಿಂದ 0.75. ರೆಕ್ಕಿ ಮುಂದಿನ ಅಂಚು ಮೂರ ಕಡೆ ಹಲ್ಲು ಬಿದ್ದಂಗ ಆಗೈತಿ. ಸೀಲಂಟ್ ಎಡಗಡೆ ಪೂರ್ತಿ ಎದ್ದೈತಿ. ಕಂಪ್ರೆಶನ್ ಸುದ್ದಾ ನೋಡಿದೆ: ಮುಂದಿನ ಸಿಲಿಂಡರ್ 9.8, ಹಿಂದಿನದು 9.6 ಕೆಜಿ.

ನೀರಿನ_ಪಂಪು

ಹಂಗಾರ ದಾರಿ ಸಿಕ್ತು. ವೇರ್ ರಿಂಗ್ (ಇಂಪೆಲ್ಲರ್ ಸುತ್ತಲಿನ ಗೋಡಿ) ಬದಲಿಸ್ರಿ, ಸೀಲ್ ಮಾಡ್ರಿ. ರೆಕ್ಕಿ ಅಂಚಿನ ಹಲ್ಲು ಉಸುಕು, ಕಲ್ಲು ಹೊಕ್ಕಿದ್ದರ ಗುರುತು. ಸಣ್ಣ ಅರದಿಂದ ಮೂರೂ ರೆಕ್ಕಿಗೆ ಸಮ ತೀಡಿ ಸದ್ಯಕ್ಕ ಓಡಸ್ರಿ, ಹೊಸಾ ಇಂಪೆಲ್ಲರ್ ಈಗ ಕೊಳ್ಳಬ್ಯಾಡ್ರಿ. ಯಾಕಂದ್ರ ಇಂಪೆಲ್ಲರಿನ ಪಿಚ್ (ರೆಕ್ಕಿಯ ಓರಿ) ಇಂಜಿನ್ನಿಗೆ ಹೊಂದಬೇಕು. 13/18 ಅಂತ ಬರದಿದ್ರ ರೆಕ್ಕಿ ಮುಂದಿನ ಅಂಚು 13 ಡಿಗ್ರಿ, ಹಿಂದಿನದು 18. ಪೈಪ್ ಹಾಕಿದ ಮ್ಯಾಲೆ ಇಂಜಿನ್ ಮ್ಯಾಲಿನ ಆರ್‌ಪಿಎಂನಾಗ ಬಲ ಕೊಡಾಕ ಹತ್ತತೈತಿ, ಈಗ ಹೊಂದೂ ಪಿಚ್ ಆಗ ಹೊಂದೂದಿಲ್ಲ. ಎರಡು ಸಲ ರೊಕ್ಕ ಯಾಕ? ಸೊಲಾಸ್ ಕಂಪನೀದಿರಲಿ, ಸ್ಕ್ಯಾಟ್-ಟ್ರ್ಯಾಕ್ ಕಂಪನೀದಿರಲಿ, ಪೈಪ್ ಕುಂತ ಮ್ಯಾಲೆ ಪ್ಲಗ್ ವೈರಿಗೆ ಸುತ್ತೂ ಆರ್‌ಪಿಎಂ ಮೀಟರ್ ಹಾಕಿ, ಪೂರ್ತಿ ಥ್ರಾಟಲಿನ ಅಂಕಿ ಹಿಡದು ಆರ್ಡರ್ ಮಾಡ್ರಿ. ಇಂಜಿನ್ ಗರಿಷ್ಠ ಬಲದ ಆರ್‌ಪಿಎಂ ದಾಟಿ ತಿರುಗಿದ್ರ ಪಿಚ್ ಹೆಚ್ಚು ಮಾಡ್ಬೇಕು, ಅಲ್ಲೀತನ ಮುಟ್ಟದಿದ್ರ ಕಡಿಮಿ. ಮೀಟರಿನ ಸ್ಪಾರ್ಕ್ ಸೆಟ್ಟಿಂಗ್ ತಪ್ಪಿದ್ರ ಅಂಕಿ ದುಪ್ಪಟ್ಟು ತೋರಸ್ತೈತಿ, ಅದನ್ನ ಮೊದಲ ಸರಿ ಮಾಡ್ಕೋರಿ.

ಇಂಪೆಲ್ಲರ್ ಬಿಚ್ಚೂವಾಗ ನೆನಪಿರಲಿ, ಯಮಹಾದ್ದು ಎಡ ಥ್ರೆಡ್. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದ್ರ ಸಡಿಲ ಆಗ್ತೈತಿ. ಇದು ಗೊತ್ತಿಲ್ಲದ ಮೆಕ್ಯಾನಿಕ್ ಉಲ್ಟಾ ದಿಕ್ಕಿಗೆ ಪಾನಾಕ್ಕ ಕಬ್ಬಿಣದ ಪೈಪ್ ಹಾಕಿ ಎಳದ್ರ ಸ್ಪ್ಲೈನ್ (ಟೂಲ್ ಹಿಡಿಯೂ ಹಲ್ಲು) ಕಿತ್ತು ಕೈಗೆ ಬರ್ತೈತಿ.

ಗ್ರೇಟ್ ವಿಚಾರ. ವೀಡಿಯೋದಾಗ ತೋರಸೂ ಉದ್ದ ಸ್ಕೂಪಿನ ಟಾಪ್-ಲೋಡರ್ ಗ್ರೇಟ್, ಸಮುದ್ರದ ತೆರಿಯೊಳಗ ನೀರು ಮೊಗದು ಪಂಪಿಗೆ ಕೊಡ್ತೈತಿ. ನಮ್ಮ ಹಿನ್ನೀರಾಗ ಅದ ಸ್ಕೂಪ್ ಅಂತರಗಂಗಿ ಬೇರು, ತುಂಡಾದ ಬಲಿ ಎರಡನ್ನೂ ಮೊಗೀತೈತಿ. ಉದ್ದಕ್ಕ ನೇರ ಕಂಬಿ ಇರೂ, ಸ್ಕೂಪ್ ಸಣ್ಣದಿರೂ ಗ್ರೇಟ್ ತಗೋರಿ. ಕಸ ಕಂಬಿಗುಂಟ ಹಿಂದಕ್ಕ ಜಾರಿ ಹೋಗ್ತೈತಿ.

ಮೂತಿ ಕುಣಿಯೂದಕ್ಕ ಮದ್ದು ರೈಡ್ ಪ್ಲೇಟ್. ಉದ್ದ ಪ್ಲೇಟ್ ಮೂತಿಯನ್ನ ನೀರಿಗೆ ಒತ್ತಿ ಹಿಡೀತೈತಿ, ನೇರ ಓಡ್ತೈತಿ. ಗಿಡ್ಡಾದು ಹಾಕಿದ್ರ ತಿರುವಿನ್ಯಾಗ ಹಿಂಭಾಗ ಬೇಗ ಜಾರ್ತೈತಿ. ಹೊಸಾದು ಕೊಳ್ಳೂ ಮೊದಲು ಈಗಿರೂ ಪ್ಲೇಟಿನ ಹಿಂದಿನ ಬೋಲ್ಟಿಗೆ 1 ಎಂಎಂ ಸ್ಟೇನ್‌ಲೆಸ್ ವಾಶರ್ ಕೊಟ್ಟು ಹಿಂದಿನ ಅಂಚು ಕೆಳಗ ಇಳಿಸಿ ನೋಡ್ರಿ, ಕುಣಿತ ಕಡಿಮಿ ಆಗಬೇಕು. ಸಾಲದಿದ್ರ ಇನ್ನೊಂದು ವಾಶರ್. ಹೆಚ್ಚಾದ್ರ ಮೂತಿ ನೀರು ಅಗೀತೈತಿ, ಸ್ಟಿಯರಿಂಗ್ ಬಿಗಿ ಆಗ್ತೈತಿ. ಅಲ್ಲಿಗೆ ನಿಲ್ಲಿಸಿ ಒಂದು ವಾಶರ್ ತಗೀರಿ.

ಎರಡುಸ್ಟ್ರೋಕ್_ಗುಮ್ಮಟ

ಅಳತಿ ನೋಡಿದ ಮ್ಯಾಲೆ ನಾನೂ ಒಪ್ತೀನ್ರಿ, ಪಂಪ್ ಮೊದಲು, ಪೈಪ್ ಎರಡನೇದು. ಎರಡೂ ಸಿಲಿಂಡರ್ ಸಮ ಇರೂದು ಶುಭ ಸುದ್ದಿ. ಕಂಪ್ರೆಶನ್ ನೋಡೂವಾಗ ಎರಡೂ ಪ್ಲಗ್ ತಗದು, ಪ್ಲಗ್ ವೈರ್ ಅರ್ತಿಂಗ್ ಪೋಸ್ಟಿಗೆ ಸಿಗಿಸಿ, ಥ್ರಾಟಲ್ ಪೂರ್ತಿ ಒತ್ತಿ, ಮುಳ್ಳು ಏರೂದು ನಿಲ್ಲೂತನ ಸೆಲ್ಫ್ ಹೊಡದಿರ್ತೀರಿ ಅನ್ಕೊಂಡೀನಿ. ವೈರ್ ಗಾಳ್ಯಾಗ ಬಿಟ್ರ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡೂ ಎಲೆಕ್ಟ್ರಾನಿಕ್ ಡಬ್ಬಿ) ಸುಡತದ. ಥ್ರಾಟಲ್ ಮುಚ್ಚಿದ್ರ ಅಂಕಿ ಕಡಿಮಿ ತೋರಸ್ತದ.

ಕಂಪ್ರೆಶನ್ ಸಮ ಇದ್ರ ಕ್ರ್ಯಾಂಕ್ ಸೀಲ್ ಗಟ್ಟಿ ಅದಾವ ಅಂತ ಅರ್ಥ ಅಲ್ಲ. 12 ವರ್ಷ ದಾಟಿದ ಗಾಡಿ. ಪೈಪಿಗೆ ರೊಕ್ಕ ಹಾಕೂ ಮೊದಲು ಲೀಕ್ ಟೆಸ್ಟ್ ಮಾಡ್ರಿ: ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬಾಯಿಗೆ ರಬ್ಬರ್ ಹಾಳಿ ಕೊಟ್ಟು ಪ್ಲೇಟ್ ಬಿಗಿದು, ಪಲ್ಸ್ ನಳಿಗಿ ಮುಚ್ಚಿ, ಪ್ಲಗ್ ತೂತಿನಿಂದ ಕೈಪಂಪಿನ್ಯಾಗ 8 ಪಿಎಸ್‌ಐ ಗಾಳಿ ತುಂಬಿ 5 ನಿಮಿಷ ಬಿಡ್ರಿ. ನಿಮಿಷಕ್ಕ 1 ಪಿಎಸ್‌ಐಗಿಂತ ಹೆಚ್ಚು ಇಳದ್ರ ಸೋಪಿನ ನೀರು ಹಚ್ಚಿ ಎಲ್ಲಿ ಗುಳ್ಳಿ ಬರ್ತದ ನೋಡ್ರಿ. ಸೀಲಿನಿಂದ ಗಾಳಿ ಎಳದ್ರ ಮಿಶ್ರಣ ತೆಳ್ಳಗಾಗ್ತದ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ), ಪಿಸ್ಟನ್ ಹಿಡೀತದ. ಅಂಥಾ ಹೊತ್ತಿನ್ಯಾಗ ಜನ ಪೈಪಿನ ಮ್ಯಾಲೆ ತಪ್ಪು ಹೊರಸ್ತಾರ.

ಉದ್ಯಮಬಾಗ_ಲೇತ್ (ಬೆಳಗಾವಿ)

ಹೆಡ್ ಬಗ್ಗೆ ಎರಡು ಮಾತು. ಎಡಿಎ ರೇಸಿಂಗ್ ಥರದ ಬಿಲೆಟ್ ಹೆಡ್‌ಗಳಲ್ಲಿ ಡೋಮ್ (ಪಿಸ್ಟನ್ ಮೇಲಿನ ಗುಮ್ಮಟದ ಭಾಗ) ಬೇರೆ, ಹೊರಗಿನ ಚಿಪ್ಪು ಬೇರೆ. ಕಂಪ್ರೆಶನ್ ಬದಲಿಸಬೇಕಾದರೆ ಡೋಮ್ ಮಾತ್ರ ಬದಲಿಸಿದರೆ ಸಾಕು, ಅದೇ ಅದರ ನಿಜವಾದ ಲಾಭ. ಹಣ ಉಳಿಸಲು ಹಳೆ ಹೆಡ್ ಕೆಳಗಿಂದ ಸವರಿಸುತ್ತೇವೆ ಎಂದು ಇಲ್ಲಿ ಶಾಪಿಗೆ ತರುವವರಿದ್ದಾರೆ. ಬರೀ ಕೆಳಗಿಂದ ಸವರಿದರೆ ಪಿಸ್ಟನ್ ಅಂಚಿಗೂ ಹೆಡ್ಡಿನ ಸ್ಕ್ವಿಶ್ ಪಟ್ಟಿಗೂ (ಡೋಮಿನ ಸುತ್ತಂಚಿನ ಪಟ್ಟಿ) ಇರುವ ಅಂತರ ಕಡಿಮೆಯಾಗುತ್ತದೆ, ಕೋನವೂ ಹೊಂದುವುದಿಲ್ಲ. ಸವರಿದ ಮೇಲೆ ಸ್ಕ್ವಿಶ್ ಪಟ್ಟಿಯನ್ನು ಮತ್ತೆ ಕಟ್ ಮಾಡಲೇಬೇಕು. ಅಳೆಯುವ ರೀತಿ: 2 ಎಂಎಂ ದಪ್ಪದ ಮೆತ್ತನೆ ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ಪಿಸ್ಟನ್ ಪಿನ್ನಿನ ನೇರಕ್ಕೆ ಗೋಡೆ ಮುಟ್ಟುವವರೆಗೆ ಇಳಿಸಿ, ಕೈಯಿಂದ ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಎಡ ಬಲ ಎರಡೂ ಕಡೆ ಅಳೆಯಬೇಕು, ಪಿನ್ನಿಗೆ ಅಡ್ಡ ಇಟ್ಟರೆ ಪಿಸ್ಟನ್ ವಾಲಿ ಅಳತೆ ಸುಳ್ಳಾಗುತ್ತದೆ.

ಊರಲ್ಲೇ ಮಾಡಿಸಬಹುದಾದದ್ದು ಏನು ಎಂದು ಬಹಳ ಜನ ಕೇಳುತ್ತಾರೆ. ರೈಡ್ ಪ್ಲೇಟನ್ನು 6061 ಅಲ್ಯುಮಿನಿಯಂ ತಟ್ಟೆಯಲ್ಲಿ ಸಿಎನ್‌ಸಿಯಲ್ಲಿ ಕಟ್ ಮಾಡಿಸಬಹುದು, ಹಳೆ ಪ್ಲೇಟ್ ಮಾದರಿಗೆ ತನ್ನಿ. ಡೋಮ್ ಡ್ರಾಯಿಂಗ್ ಇದ್ದರೆ ಅದನ್ನೂ ತಿರುಗಿಸಿಕೊಡುವ ಶಾಪ್ ಉದ್ಯಮಬಾಗದಲ್ಲಿ ಸಿಗುತ್ತದೆ. ಲೀಕ್ ಟೆಸ್ಟಿನ ಪ್ಲೇಟ್, ಇಂಪೆಲ್ಲರ್ ಬಿಚ್ಚುವ ಸ್ಪ್ಲೈನ್ ಟೂಲ್ ಕೂಡ ಸುಲಭ. ಇಂಪೆಲ್ಲರ್ ಮಾತ್ರ ಎರಕ ಹೊಯ್ಯಿಸಲು ಹೋಗಬೇಡಿ. ಫೌಂಡ್ರಿಗೆ ಅದು ಕಷ್ಟದ ಕೆಲಸವಲ್ಲ, ಆದರೆ ರೆಕ್ಕೆಯ ಪಿಚ್ ಅರ್ಧ ಡಿಗ್ರಿ ಹೆಚ್ಚುಕಮ್ಮಿಯಾದರೂ ಮೂರು ರೆಕ್ಕೆ ಮೂರು ಥರ ಎಳೆಯುತ್ತವೆ. ನಡುಗುವಿಕೆ ಮಿಡ್‌ಶಾಫ್ಟ್ ಬೇರಿಂಗಿಗೆ ಹೋಗಿ ಬೀಳುತ್ತದೆ.

ಎರಡುಸ್ಟ್ರೋಕ್_ಗುಮ್ಮಟ

ಹೆಡ್ ಯಾಕ ಕಡೀಗೆ ಅಂದ್ರ ನಮ್ಮ ಪೆಟ್ರೋಲಿಗಾಗಿ. ಇದನ್ನ ಸ್ವಲ್ಪ ಸಮಾಧಾನದಿಂದ ಓದ್ರಿ.

ಅಮೆರಿಕದವರು "ಬಂಕಿನ 91ರಾಗ 180 ಪಿಎಸ್‌ಐತನ ನಡೀತದ" ಅಂತ ಬರದಿರ್ತಾರ. ಅವರ 91 ಬ್ಯಾರೆ, ನಮ್ಮ 91 ಬ್ಯಾರೆ. ಅವರ ಬಂಕಿನ ಮ್ಯಾಲೆ ಬರಿಯೂದು ಎರಡು ಥರದ ಆಕ್ಟೇನ್ (ಪೆಟ್ರೋಲ್ ತಾನಾಗೇ ಸಿಡೀದಂಗ ತಡಕೊಳ್ಳೂ ಗುಣ) ಪರೀಕ್ಷೆಯ ಸರಾಸರಿ, ನಾವು ಬರಿಯೂದು ಅವೆರಡರಾಗಿನ ಆರ್‌ಒಎನ್ ಒಂದ. ಅವರ 91 ಅಂದ್ರ ನಮ್ಮ 95ರ ಆಸುಪಾಸು. ನಮ್ಮ 91 ಆರ್‌ಒಎನ್ ಅವರ ಲೆಕ್ಕದಾಗ 87. ಅವರ ಡೋಮ್ ಪಟ್ಟಿ ಹಿಡದು 91 ಆರ್‌ಒಎನ್ ಪೆಟ್ರೋಲಿನ ಮ್ಯಾಲೆ ಓಡಿಸಿದ್ರ ಪಿಸ್ಟನ್ ಅಂಚು ಇಲಿ ಕಡದಂಗ ಆಗ್ತದ. 95 ಹಾಕಿದ್ರೂ, ನಮ್ಮ ಕಡಿ ಬ್ಯಾಸಿಗಿಯ 40 ಡಿಗ್ರಿ ಗಾಳಿ, ಕಾದ ನೀರು ಲೆಕ್ಕಕ್ಕ ಹಿಡದು 165 ಪಿಎಸ್‌ಐ, ಅಂದ್ರ 11.6 ಕೆಜಿ ಸುತ್ತ ನಿಲ್ಲಸ್ರಿ ಅಂತೀನಿ.

ಇನ್ನ ಇ20, ಅಂದ್ರ 20% ಎಥನಾಲ್ ಕೂಡಿಸಿದ ಪೆಟ್ರೋಲ್. ಎಥನಾಲ್ ತನ್ನೊಳಗ ಆಮ್ಲಜನಕ ಹೊತ್ಕೊಂಡು ಬರ್ತದ, ಅದಕ್ಕ ಅಷ್ಟ ಗಾಳಿಗೆ ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಸುಮಾರು 7-8% ಹೆಚ್ಚು ಇಂಧನ ಬೇಕಾಗ್ತದ. 2012ರ ಜೆಟ್ಟುಗಳು ಆ ಲೆಕ್ಕ ಹಿಡದು ಕೊಟ್ಟಿದ್ದಲ್ಲ. ಆಲಮಟ್ಟಿ ತುಂಬಿದ ಮಟ್ಟ 519.60 ಮೀಟರ್, ಸಮುದ್ರ ಮಟ್ಟಕ್ಕಿಂತ ಅಲ್ಲಿ ಗಾಳಿ 5% ತೆಳು. ಅದರಿಂದ ಕಾರ್ಬುರೇಟರ್ ಮಿಶ್ರಣ 2-3% ದಪ್ಪ ಆಗ್ತದ. ಅದು ಇದು ಕಳದ್ರೂ ಇನ್ನೂ 5% ತೆಳ್ಳಗನ ಉಳೀತದ. ಅದಕ್ಕ ಪೈಪ್ ಹಾಕದಿದ್ರೂ ಮೇನ್ ಜೆಟ್ ಒಂದು ಮೆಟ್ಟಲು ಏರಸ್ರಿ.

ಬಂಕಿನವರ ಮಾತಿನ ಮ್ಯಾಲೆ ಬ್ಯಾಡ, ಅಳತಿ ಜಾಡಿ ತಗೋರಿ. 20 ಎಂಎಲ್ ನೀರು, ಮ್ಯಾಲೆ 100ರ ಗೆರಿತನ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಇಡ್ರಿ. ಎಥನಾಲ್ ನೀರಿಗೆ ಇಳೀತದ. ಕೆಳಗಿನ ಪದರು 36ರ ಹತ್ರ ಬಂದ್ರ 80ರಾಗ 16, ಅಂದ್ರ 20%. ಒಂದು ಡಬ್ಬಿ ಪೆಟ್ರೋಲಿನ ಮ್ಯಾಲೆ ಜೆಟ್ ಹೊಂದಿಸಿ, ಬ್ಯಾರೆ ಥರದ ಪೆಟ್ರೋಲ್ ಹಾಕಿ ಓಡಿಸಬಾರದು.

ಎರಡು-ಸ್ಟ್ರೋಕ್ ಎಣ್ಣಿ: ಈ ಗಾಡಿಗೆ ಎಣ್ಣಿ ಪಂಪ್ ಇಲ್ಲ, ಕೂಡಿಸೇ ಹಾಕಬೇಕು. ಕಂಪನಿ ಪ್ರಮಾಣ 50:1, 18 ಲೀಟರ್ ಟ್ಯಾಂಕಿಗೆ 360 ಎಂಎಲ್. ಪೈಪ್ ಹಾಕಿದ ಮ್ಯಾಲೆ 40:1 ಮಾಡ್ರಿ, 450 ಎಂಎಲ್. ಡಬ್ಬಿ ಮ್ಯಾಲೆ ಟಿಸಿ-ಡಬ್ಲ್ಯು3 ಅಂತ ಇರಬೇಕು, ಅದು ನೀರಿನಿಂದ ತಣ್ಣಗಾಗೂ ಇಂಜಿನ್ನಿಗೆ ಮಾಡಿದ್ದು. ಎಣ್ಣಿ ಹೆಚ್ಚಾದಷ್ಟು ಜೆಟ್ಟಿನ್ಯಾಗ ಪೆಟ್ರೋಲ್ ಕಡಿಮಿ ಹೋಗ್ತದ, ಹಂಗಾಗಿ ಪ್ರಮಾಣ ಬದಲಿಸಿದ್ರ ಪ್ಲಗ್ ಮತ್ತ ನೋಡಬೇಕು.

ಹಿಡಕಲ್_ದಂಡಿ (ಹುಕ್ಕೇರಿ)

ಇಷ್ಟೊತ್ತು ಯಾರೂ ಕಾಲಿನ ಮಾತ ಎತ್ತಲಿಲ್ಲ. ನಿಂತು ಓಡಿಸೂ ಗಾಡಿಗೆ ಫುಟ್‌ಹೋಲ್ಡ್ ಮತ್ತ ದಪ್ಪ ಮ್ಯಾಟ್ ಇಲ್ಲದ ಬಲ ಕೂಡಿಸಿದ್ರ, ಪಂಪ್ ಹಿಡಿತಾನ ಗಾಡಿ ಮುಂದ, ಮನಿಶ್ಯಾ ಹಿಂದ. ಪಂಪಿನ ಕೆಲಸದ ಜೋಡಿನ ಇದನ್ನ ಮಾಡ್ರಿ.

ಸೂಪರ್‌ಜೆಟ್ ಹಲ್ ಎಸ್‌ಎಂಸಿ, ಅಚ್ಚಿನ್ಯಾಗ ಒತ್ತಿ ಮಾಡಿದ ಫೈಬರ್. ಊರಾಗ ನೀರಿನ ಟ್ಯಾಂಕ್ ರಿಪೇರಿ ಮಾಡೂ ಪಾಲಿಯೆಸ್ಟರ್ ರೆಸಿನ್ ಇದರ ಮ್ಯಾಲೆ ಗಟ್ಟಿ ಕೂಡ್ರೂದಿಲ್ಲ, ಕೆಲವು ದಿನಕ್ಕ ಹಪ್ಪಳದಂಗ ಏಳ್ತೈತಿ. ಎಪಾಕ್ಸಿನ ಬೇಕು. ಬಣ್ಣ ಪೂರ್ತಿ ಹೋಗೂತನ 60 ನಂಬರ್ ಕಾಗದದಿಂದ ತಿಕ್ಕಿ, ಅಸಿಟೋನಿನಿಂದ ಒರಸಿ, ಆಮ್ಯಾಲೆ ಹಚ್ಚಬೇಕು.

ಮ್ಯಾಟ್ ಅಂಟಿಸೂದು ನೆರಳಿನ್ಯಾಗ. ಬಿಸಲಾಗ ಗೋಂದು ಹಚ್ಚಿದ ಕೂಡ್ಲೆ ಒಣಗಿ ಅರ್ಧಕ್ಕರ್ಧ ಹಿಡಿಯೂದಿಲ್ಲ.

12 ವೋಲ್ಟಿನ ಸಣ್ಣ ಬಿಲ್ಜ್ ಪಂಪ್ (ಒಳಗ ಬಂದ ನೀರು ಹೊರಗ ಹಾಕೂದು) ಹಾಕ್ರಿ, ಫ್ಯೂಸ್ ಸಮೇತ, ಸ್ವಿಚ್ ಸಮೇತ. ಕಂಪನಿಯ ಸೈಫನ್ ಗಾಡಿ ಓಡೂವಾಗಷ್ಟ ನೀರು ಹೊರಗ ಹಾಕ್ತೈತಿ. ಇಂಜಿನ್ ನಿಂತು ನೀರು ಒಳಗ ಬಂದ್ರ ಏನೂ ಮಾಡೂದಿಲ್ಲ. ಸೈಫನ್ ಮಾತ್ರ ತಗೀಬ್ಯಾಡ್ರಿ, ಎರಡೂ ಇರಲಿ.

ಹಿನ್ನೀರು ಇಳಿಯೂ ಹೊತ್ತಿನ್ಯಾಗ, ಮಾರ್ಚ್ ದಾಟಿದ ಮ್ಯಾಲೆ, ಮುಳುಗಿದ ಜಾಲಿ ಕಂಟಿ, ಹಳೇ ಗ್ವಾಡಿ ನೀರಿನ ಮಟ್ಟಕ್ಕ ಒಂದು ಗೇಣು ಕೆಳಗ ಬಂದಿರ್ತಾವ. ಆ ನೀರಾಗ ಹೊಸಾ ಇಂಪೆಲ್ಲರ್ ಪರೀಕ್ಷೆ ಬ್ಯಾಡ. ಮೀನಗಾರರ ಬಲಿ ಎಲ್ಲಿ ಐತಿ ಅಂತ ದಂಡಿ ಮ್ಯಾಲೆ ಅವರನ್ನ ಕೇಳಿ ಇಳೀರಿ, ಬಲಿ ಅವರ ಹೊಟ್ಟಿಪಾಡು. ಶಾಫ್ಟಿಗೆ ಸುತ್ತಿದ್ರ ಇಂಜಿನ್ ಬಂದ್ ಮಾಡಿ, ಲ್ಯಾನ್ಯಾರ್ಡ್ (ಎಳದ್ರ ಇಂಜಿನ್ ನಿಲ್ಲಸೂ, ಮೈಗೆ ಕಟ್ಟೂ ದಾರ) ಕಿತ್ತು, ಆಮ್ಯಾಲೆ ಕೈ ಹಾಕ್ರಿ.

ಹಿನ್ನೀರ_ಹಾದಿ

ಭಾಳ ಉಪಕಾರ ಆತ್ರಿ. ವೇರ್ ರಿಂಗ್, ಸಿಲಿಕಾನ್, ಗ್ರೇಟ್, ಫುಟ್‌ಹೋಲ್ಡ್ ಮೊದಲ ಕಂತು. ಲೀಕ್ ಟೆಸ್ಟ್ ಆದ ಮ್ಯಾಲೆ ಬಿ-ಪೈಪ್. ಪೈಪ್ ಕುಂತ ದಿನ ಕಾರ್ಬುರೇಟರ್ ಹೊಂದಸೂ ಕ್ರಮ, ಮತ್ತ ಪೈಪಿನ ಮ್ಯಾಲಿನ ನೀರಿನ ಸ್ಕ್ರೂ ಬಗ್ಗೆ ಹೇಳ್ರಿ.

ಎರಡುಸ್ಟ್ರೋಕ್_ಗುಮ್ಮಟ

ಕಾರ್ಬುರೇಟರ್ ಕಿಟ್ ಮೊದಲು ಹಾಕ್ರಿ. ಇ20ರಾಗ ನೆನದ ಹಳೇ ಡಯಾಫ್ರಾಮ್ ಬಿರುಸಾಗಿರ್ತದ, ಹಳೇ ಪೆಟ್ರೋಲ್ ನಳಿಗಿ ಒಳಗಿಂದ ಕಪ್ಪ ಪುಡಿ ಬಿಡ್ತದ. ಎಥನಾಲ್ ತಾಳೂ ನಳಿಗಿ ಹಾಕಿ, ಫಿಲ್ಟರ್ ಬದಲಿಸ್ರಿ.

ಪಾಪ್-ಆಫ್ ಒತ್ತಡ (ಸೂಜಿ ವಾಲ್ವ್ ತೆರಕೊಳ್ಳೂ ಒತ್ತಡ) ಎರಡೂ ಕಾರ್ಬುರೇಟರಿನ್ಯಾಗ ಒಂದ ಇರಬೇಕು. ಸೂಜಿ ವಾಲ್ವಿಗೆ ಒಂದು ಹನಿ ಎಣ್ಣಿ ಬಿಟ್ಟು ಕೈಪಂಪಿನಿಂದ ಒತ್ತಿ, ಎಷ್ಟಕ್ಕ ಬಿಡ್ತದ ನೋಡ್ರಿ. ಸ್ಪ್ರಿಂಗ್ ಗಟ್ಟಿ ಇದ್ದಷ್ಟು ಒತ್ತಡ ಹೆಚ್ಚು, ಕಾಲು ಥ್ರಾಟಲಿನ ಸುತ್ತ ಮಿಶ್ರಣ ತೆಳು. ಅರ್ಧಕ್ಕಿಂತ ಕೆಳಗ ಗಕ್ಕನ ಒತ್ತಿದಾಗ ಇಂಜಿನ್ "ಬೋ" ಅಂತ ಬಿದ್ದು ಆಮ್ಯಾಲೆ ಎದ್ರ ಅಲ್ಲೇ ತೆಳು ಅದ.

ಆಮ್ಯಾಲೆ ಕೆಳಗಿನ ಸ್ಕ್ರೂ (ಕಡಿಮಿ ಥ್ರಾಟಲಿನದು), ಕಡೀಗೆ ಮೇನ್ ಜೆಟ್ ಮತ್ತ ಮ್ಯಾಲಿನ ಸ್ಕ್ರೂ (ಪೂರ್ತಿ ಥ್ರಾಟಲಿನದು). ಈ ಮಿಕುನಿಯೊಳಗ ಎರಡೂ ಸ್ಕ್ರೂ ಪೆಟ್ರೋಲಿನವು, ಹೊರಗ ತಿರುಗಿಸಿದ್ರ ದಪ್ಪ. ದಪ್ಪ ಕಡಿಯಿಂದನ ಶುರು ಮಾಡಿ ಸಾವಕಾಶ ತೆಳ್ಳಗ ಬರ್ರಿ, ಉಲ್ಟಾ ಎಂದೂ ಬ್ಯಾಡ. ದಪ್ಪ ಇದ್ರ ಪ್ಲಗ್ ಹೋಗ್ತದ, ತೆಳು ಇದ್ರ ಪಿಸ್ಟನ್ ಹೋಗ್ತದ. ಹೊಸಾ ಬಿಆರ್8ಎಚ್‌ಎಸ್ ಪ್ಲಗ್ ಹಾಕಿ ಪೂರ್ತಿ ಥ್ರಾಟಲಿನ್ಯಾಗ ಸುಮಾರು 10 ಸೆಕೆಂಡ್ ಓಡಿಸಿ, ಥ್ರಾಟಲ್ ಬಿಡದ ಲ್ಯಾನ್ಯಾರ್ಡ್ ಎಳೀರಿ. ಇ20ರಾಗ ಪ್ಲಗ್ಗಿನ ಬಣ್ಣ ಬಿಳುಚಾಗಿ ಕಾಣ್ತದ, ಅದನ್ನ ನೋಡಿ ಹೆದರೂದೂ ಬ್ಯಾಡ, ನಂಬೂದೂ ಬ್ಯಾಡ. ಪಿಂಗಾಣಿ ಬುಡದಾಗ ಇರೂ ಕಪ್ಪ ಉಂಗುರ ನೋಡ್ರಿ, ಅದು ಪೂರ್ತಿ ಮಾಯ ಆದ್ರ ತೆಳು. ಪ್ಲಗ್ ತೂತಿನ್ಯಾಗ ಟಾರ್ಚ್ ಬಿಟ್ಟು ಪಿಸ್ಟನ್ ತಲಿ ಮ್ಯಾಲೂ ನೋಡ್ರಿ. ಹಸಿ ಮಿಶ್ರಣ ಬಂದು ಬಡಿಯೂ ಪೋರ್ಟಿನ ಬಾಜೂ ಸ್ವಚ್ಛ ತೊಳದ ಜಾಗ ಇರಬೇಕು. ಇಡೀ ತಲಿ ಒಣ ಕಪ್ಪ ಆಗಿದ್ರ ಜೆಟ್ ಸಣ್ಣದು.

ಪೈಪಿನ ನೀರಿನ ಸ್ಕ್ರೂ: ಪೈಪ್ ಒಳಗ ನೀರು ಹೆಚ್ಚು ಬಿಟ್ರ ಗ್ಯಾಸ್ ತಣ್ಣಗಾಗ್ತದ, ಅಲಿ ನಿಧಾನ ಆಗ್ತದ, ಬಲ ಕೆಳಗಿನ ಆರ್‌ಪಿಎಂಗೆ ಇಳೀತದ. ಕಡಿಮಿ ಬಿಟ್ರ ಮ್ಯಾಲೆ ಏರ್ತದ. ಪೈಪಿನ ಜೋಡಿ ಬಂದ ಹಾಳಿಯ ಸೆಟ್ಟಿಂಗಿನಿಂದ ಶುರು ಮಾಡಿ ಒಂದು ಸಲಕ್ಕ ಕಾಲು ಸುತ್ತು, ಒಂದೇ ಸ್ಕ್ರೂ. ಕಾರ್ಬುರೇಟರ್ ಹೊಂದೂತನ ಇದನ್ನ ಮುಟ್ಟಬ್ಯಾಡ್ರಿ. ಪೂರ್ತಿ ಬಂದ್ ಮಾಡಿದ್ರ ರಬ್ಬರ್ ಕಪ್ಲರ್ ಸುಟ್ಟು ಹಲ್ ಒಳಗ ಬೆಂಕಿ. ಮೊದಲ ಬಿಸಿ ಆಗಿ ತಣದ ಮ್ಯಾಲೆ ಮ್ಯಾನಿಫೋಲ್ಡ್ ಬೋಲ್ಟ್, ಕ್ಲಾಂಪ್ ಎಲ್ಲಾ ಒಮ್ಮೆ ಮತ್ತ ಬಿಗೀರಿ.

ನೀರಿನ_ಪಂಪು

ಒಂದು ಸೇರಸ್ತೀನಿ. ಎರಿ ಮಣ್ಣಿನ ರಾಡಿ ನೀರು ಈ ಸ್ಕ್ರೂದ ಸಣ್ಣ ತೂತು ಬೇಗ ಕಟ್ಟತೈತಿ, ಮಳಿಗಾಲದ ಹೊಸಾ ನೀರಿನ್ಯಾಗ ಇನ್ನೂ ಬೇಗ. ಮನೀಗೆ ಬಂದ ಮ್ಯಾಲೆ ನಳದ ಪೈಪ್ ಹಚ್ಚಿ ತೊಳೀಬೇಕು. ಮೊದಲ ಇಂಜಿನ್ ಚಾಲೂ, ಆಮ್ಯಾಲೆ ನಳ ಬಿಡೂದು. ಮುಗಿಸೂವಾಗ ಮೊದಲ ನಳ ಬಂದ್, ಆಮ್ಯಾಲೆ ಇಂಜಿನ್ ಬಂದ್. ಇಂಜಿನ್ ನಿಂತಾಗ ನಳ ಬಿಟ್ರ ನೀರು ಎಕ್ಸಾಸ್ಟ್ ಹಿಡದು ಸಿಲಿಂಡರಿಗೆ ಇಳೀತೈತಿ. ಸೂಚಕ ತೂತಿನಿಂದ ಬರೂ ನೀರಿನ ಧಾರಿ ಸಣ್ಣಗಾಗಿದ್ರ ಆ ದಿನ ನೀರಿಗೆ ಇಳಸಬ್ಯಾಡ್ರಿ, ನಳಿಗಿ ಒಂದೊಂದ ಬಿಚ್ಚಿ ಊದ್ರಿ.